ಮೂರನೆಯ ಪುಸ್ತಕದ ಸಾಹುಕಾರ

ಟ್ರಂಕಿನ ತಳದಲ್ಲಿದ್ದ ಕೆಂಪು ಬಟ್ಟೆಯ ಗಂಟು ಬಿಚ್ಚಿದೆ. ಬಜೆ ಬೇರಿನ ವಾಸನೆ ಮೂಗಿಗೆ ಬಡಿಯಿತು. ಹುಳ ಹಿಡಿಯಬಾರದೆಂದು ಹಾಳೆಗಳ ನಡುವೆ ಬಜೆ ಇಡುತ್ತಿದ್ದವರು ಯಲಬುರ್ಗಾದ ಮಾಸ್ತರರು. ಇಷ್ಟು ವರ್ಷವಾದರೂ ಅವರ ಮೇಲಿನ ನನ್ನ ಸಿಟ್ಟಿಗೂ ಹುಳ ಹಿಡಿದಿಲ್ಲ.

ಆಗಿನ್ನೂ ನಿಜಾಮನ ಆಳ್ವಿಕೆ. ಅವರು ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದರು, ನಾನು ಕೊಪ್ಪಳದ ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ಬರೆಯುತ್ತಿದ್ದೆ. ಕನ್ನಡದಲ್ಲಿ ಬರೆಯುವ ಹುಚ್ಚಿಗೆ ಇಬ್ಬರೂ ಸೇರಿ ಪತ್ತೇದಾರಿ ಕಾದಂಬರಿಗಳ ಮಾಲೆ ಶುರುಮಾಡಿದೆವು. ಒಂದು ಅಧ್ಯಾಯ ನನ್ನದು, ಮುಂದಿನದು ಅವರದು. ಬರೆದ ಹಾಳೆಗಳ ಈ ಗಂಟು ಬಸ್ಸಿನ ಡ್ರೈವರನ ಕೈಯಲ್ಲಿ ಹೋಗಿ ಬರುತ್ತಿತ್ತು.

ಕೊಲ್ಲುವ ಪಾಳಿ ನನ್ನದು. ನಾನು ಕೊಂದವರನ್ನು ಈ ಪುಣ್ಯಾತ್ಮ ಮುಂದಿನ ಅಧ್ಯಾಯದಲ್ಲಿ ಎಬ್ಬಿಸಿ ಕೂರಿಸುತ್ತಿದ್ದರು. ಮೊದಲ ಪುಸ್ತಕದಲ್ಲಿ ಒಬ್ಬನಿಗೆ ವಿಷ ಹಾಕಿಸಿದೆ; ವಿಷ ಹಳೆಯದಾಗಿತ್ತು ಎಂದು ಬರೆದರು. ಎರಡನೆಯದರಲ್ಲಿ ಬಾವಿಗೆ ನೂಕಿಸಿದೆ. ಯಲಬುರ್ಗಾ ಸೀಮೆಯ ಬಾವಿ, ಅದೂ ಬೇಸಿಗೆ, ಮೊಳಕಾಲುದ್ದ ನೀರು ಎಂದರು. ಸತ್ತವನೇ ಇಲ್ಲದ ಮೇಲೆ ಪತ್ತೇದಾರ ಹುಡುಕುವುದೇನನ್ನು, ಮಣ್ಣನ್ನೇ? ಮೂರನೆಯದರಲ್ಲಿ ಒಂದು ಖೂನಿಯಾದರೂ ನಿಲ್ಲದಿದ್ದರೆ ಮಾಲೆ ಬಂದ್ ಎಂದು ಗದಗಿನ ಅಚ್ಚುಕೂಟದವರು ಬರೆದರು. ಹಠಕ್ಕೆ ಬಿದ್ದು ಗಂಗಾವತಿಯ ಅಕ್ಕಿ ಸಾಹುಕಾರನನ್ನು ಕೊಲ್ಲಿಸಿ, ಸುಡಿಸಿ, ಬೂದಿಯನ್ನು ತುಂಗಭದ್ರೆಗೆ ಬಿಡಿಸಿದೆ. ಸುಟ್ಟ ಹೆಣ ಬೇರೆಯವನದು ಎಂದು ಅವರ ಅಧ್ಯಾಯ ಬಂತು.

ತಡೆಯಲಾರದೆ ಗಂಟು ಹಿಡಿದುಕೊಂಡು ಬಸ್ಸು ಹತ್ತಿದೆ. ಯಲಬುರ್ಗಾದಲ್ಲಿ ಗುಟ್ಟು ರಟ್ಟಾಯಿತು. ನಾನು ಕಳಿಸಿದ್ದನ್ನೆಲ್ಲ ಮಾಸ್ತರರು ಸಂಜೆ ಕಟ್ಟೆಯ ಮೇಲೆ ಕೂತು ಓಣಿಯವರಿಗೆ ಓದಿ ಹೇಳುತ್ತಿದ್ದರು. ಕನ್ನಡ ಪುಸ್ತಕ ಕಂಡರಿಯದ ಓಣಿ. ಅವರಿಗೆ ಇದು ಕಥೆಯಲ್ಲ, ಸುದ್ದಿ. ಎದುರುಮನೆಯ ಮುದುಕಿ ಸಾಹುಕಾರನ ಸೂತಕ ಹಿಡಿದಿದ್ದಳಂತೆ.

“ಮುದುಕಿ ಎರಡು ದಿನ ರೊಟ್ಟಿ ಮುಟ್ಟಲಿಲ್ಲರಿ. ನಾ ಏನ್ ಮಾಡ್ಲಿ?” ಎಂದರು ಮಾಸ್ತರರು.

“ಸತ್ತವ್ರು ಸತ್ತಂಗ ಇರಬೇಕ್ರಿ ಮಾಸ್ತರ,” ಎಂದೆ. “ಇಲ್ಲಂದ್ರ ನಮ್ಮ ಮಾಲಿ ಮುಗೀತು.”

ತಲೆ ಕೆರೆದುಕೊಂಡು, ಆಯಿತು, ತಿದ್ದಿ ಕಳಿಸುತ್ತೇನೆ ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತೆಂದು ಗೊಣಗುತ್ತ ಬಸ್ಸಿಗೆ ನಡೆದೆ. ಹೋಗಿ ಬರುತ್ತೇನೆಂದು ಕೈ ಕೂಡ ಮುಗಿಯಲಿಲ್ಲ…

ತಿಂಗಳಾದರೂ ಗಂಟು ಬರಲಿಲ್ಲ. ಬೈದುಕೊಂಡೇ ಕಾದೆ. ಕಡೆಗೊಂದು ದಿನ ಡ್ರೈವರ ಬರಿಗೈಯಲ್ಲಿ ಬಂದು, ಮಾಸ್ತರರು ವಿಷಮಜ್ವರದಲ್ಲಿ ತೀರಿಕೊಂಡರು ಎಂದ. ನಾನು ನಂಬಲಿಲ್ಲ. ಆ ಮನುಷ್ಯನ ಜೊತೆ ಬರೆದೂ ಬರೆದೂ ನನಗೆ ಅದೇ ಚಾಳಿಯಾಗಿತ್ತು…

ಮಾಸ್ತರರ ಮನೆಗೆ ಹೋದಾಗ ಅವರ ಹೆಂಡತಿ ಗಂಟನ್ನು ಕೈಗಿಟ್ಟರು. ಮಾಸ್ತರರು ತಮ್ಮ ಅಧ್ಯಾಯವನ್ನು ಹರಿದು ಹಾಕಿದ್ದರು. ಆಮೇಲೆ ಬರಿಯ ಹಾಳೆಗಳು, ನಡುವೆ ಬಜೆ. ಸಾಯಿಸಲು ಕೈ ಬರಲೊಲ್ಲದು ಎನ್ನುತ್ತ ದಿನವೂ ಗಂಟು ಬಿಡಿಸಿಕೊಂಡು ಕೂರುತ್ತಿದ್ದರಂತೆ. ಹೊರಗೆ ಬಂದರೆ ಎದುರುಮನೆಯ ಮುದುಕಿ ನಿಂತಿದ್ದಳು.

“ಸಾವ್ಕಾರ ಮನಿಗೆ ಬಂದನೇನ್ರಿ? ಮಾಸ್ತರ ಬರ್ತಾನಂತ ಹೇಳಿದ್ರು.”

“ಬಂದಾನ ಬೇ,” ಎಂದೆ.

ಕೊಪ್ಪಳಕ್ಕೆ ಮರಳಿ ಅವರ ಪಾಳಿಯ ಅಧ್ಯಾಯವನ್ನು ನಾನೇ ಬರೆದೆ. ಸುಟ್ಟ ಹೆಣ ಬೇರೆಯವನದು. ಸಾಹುಕಾರ ಪಕ್ಕದ ಹಳ್ಳಿಯ ಬೀಗರ ಮನೆಯಲ್ಲಿ ಉಣ್ಣುತ್ತ ಕೂತಿದ್ದ. ಯಲಬುರ್ಗಾಕ್ಕೆ ಹೋಗಿ ಅದೇ ಕಟ್ಟೆಯ ಮೇಲೆ ಓದಿ ಹೇಳಿ ಬಂದೆ. ಅಚ್ಚುಕೂಟದವರು ಬೇಡವೆಂದರು, ಮಾಲೆ ನಿಂತಿತು.

ಈಗ ಬಜೆ ಒಣಗಿ ಕಡ್ಡಿಯಾಗಿದೆ. ಸಾಹುಕಾರ ಇನ್ನೂ ಬೀಗರ ಮನೆಯಲ್ಲಿ ಉಣ್ಣುತ್ತಿದ್ದಾನೆ, ನನ್ನದೇ ಅಕ್ಷರದಲ್ಲಿ. ಅವತ್ತು ಮಾಸ್ತರರಿಗೆ ಕೈ ಮುಗಿಯದೆ ಬಸ್ಸು ಹತ್ತಿದ್ದನ್ನು ಮಾತ್ರ ತಿದ್ದಲು ಬರುವುದಿಲ್ಲ.