ಬ್ರೇಕಿಗೆ ಎಣ್ಣೆ ಹಾಕದ ಪುಟ್ಟಬಸಪ್ಪ

ಕಾಮಗೆರೆಯ ಪುಟ್ಟಬಸಪ್ಪ ಡ್ರೈವರ್ ಆಗಿದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೂ ಅವನು ಚನ್ನಾಜಮ್ಮನವರ ಮನೆಯ ಗಾಡಿ ಹೊಡೆಯುವ ಆಳು. ಚನ್ನಾಜಮ್ಮ ಅಂದರೆ ಸಾಮಾನ್ಯದ ಹೆಂಗಸಲ್ಲ ಕಣ್ರಿ. ಗಂಡ ತೀರಿಕೊಂಡ ಮೇಲೆ ರೇಷ್ಮೆ ಗೂಡಿನ ವ್ಯಾಪಾರವನ್ನು ತಾವೇ ಕೈಗೆ ತಗೊಂಡು, ಹನೂರು ಕಡೆಯ ಹಳ್ಳಿಗಳಲ್ಲಿ ಗೂಡು ಕೊಂಡು ಕೊಳ್ಳೇಗಾಲಕ್ಕೆ ಸಾಗಿಸುತ್ತಿದ್ದರು. ಗೂಡು ಅಂದರೆ ಅವಸರದ ಮಾಲು. ಹೊತ್ತು ಮೀರಿದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದುಕೊಂಡು ಹೊರಗೆ ಬರುತ್ತದೆ, ಆಮೇಲೆ ಆ ಗೂಡನ್ನು ಮೂಸುವವರೂ ಇಲ್ಲ. ಈ ಅವಸರಕ್ಕೆ ಎತ್ತಿನ ಗಾಡಿ ಆಗಿಬರುವುದಿಲ್ಲ ಅಂತ ಆಕೆ ಅರವತ್ತಾರನೇ ಇಸವಿಯಲ್ಲಿ ಮೈಸೂರಿನಿಂದ ಒಂದು ಹಳೇ ವ್ಯಾನು ತರಿಸಿದರು. ಎತ್ತು ಮಾರಿದರು, ಗಾಡಿ ಮಾರಿದರು. ಪುಟ್ಟಬಸಪ್ಪನನ್ನು ಏನು ಮಾಡುವುದು? ಕೊಳ್ಳೇಗಾಲಕ್ಕೆ ಕಳಿಸಿ ಡ್ರೈವಿಂಗ್ ಕಲಿಸಿ ಲೈಸೆನ್ಸ್ ಮಾಡಿಸಿದರು.

ಅಲ್ಲಿಗೆ ಅವನ ಬಾಳು ಬದಲಾಯಿತು. ನಿನ್ನೆವರೆಗೂ 'ಲೋ ಗಾಡಿ ಬಸಪ್ಪ' ಅನ್ನುತ್ತಿದ್ದ ಊರು ಇವತ್ತು 'ಡ್ರೈವರ್ ಪುಟ್ಟಬಸಪ್ಪ' ಅಂತ ಕರೆಯತೊಡಗಿತು. ಅದನ್ನು ಕೇಳಿದಾಗಲೆಲ್ಲ ಅವನಿಗೆ ಒಳಗೊಳಗೇ ಎಷ್ಟು ಖುಷಿಯಾಗುತ್ತಿತ್ತೆಂದರೆ, ಕರೆದವರು ಇನ್ನೊಂದು ಸಲ ಕರೆಯಲಿ ಅಂತ ಕೇಳಿಸದವನ ಹಾಗೆ ಮುಂದೆ ಹೋಗುತ್ತಿದ್ದ. ವ್ಯಾನು ಕೆಮ್ಮಣ್ಣಿನ ಬಣ್ಣದ್ದು, ಅದಕ್ಕೆ 'ಕೆಂದ' ಅಂತ ಹೆಸರಿಟ್ಟ. ಕೆಂದನನ್ನು ಅವನು ನೋಡಿಕೊಂಡದ್ದು ಎತ್ತು ನೋಡಿಕೊಂಡ ಹಾಗೆಯೇ. ಬೇರೆ ವಿದ್ಯೆ ಅವನಿಗೆ ಗೊತ್ತಿದ್ದರೆ ತಾನೇ!

ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವ ಪದ್ಧತಿ ಇಲ್ಲ, ಅದು ಬಸವಣ್ಣನ ವಾರ. ಹಾಗಾಗಿ ಕೆಂದನಿಗೂ ಸೋಮವಾರ ರಜ. ಅವತ್ತು ವ್ಯಾನಿನ ಮೈ ತೊಳೆದು, ಬಾನೆಟ್ಟಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ರೇಡಿಯೇಟರಿನ ಹಳೇ ನೀರು ಬಸಿದು ಹೊಸ ನೀರು ತುಂಬುತ್ತಿದ್ದ. 'ವಾರವೆಲ್ಲ ದುಡಿದವನಿಗೆ ಕಲಗಚ್ಚು ಕುಡಿಸ್ತಾರಾ?' ಅಂತ ಅವನ ವಾದ. ಎಂಜಿನ್ ಆಯಿಲ್ ಪ್ರತಿ ಅಮಾವಾಸ್ಯೆ. ಯಾಕೆ ಅಮಾವಾಸ್ಯೆ ಅಂದರೆ, ಬೆಟ್ಟದ ಮಾದಪ್ಪನಿಗೆ ಎಣ್ಣೆಮಜ್ಜನ ನಡೆಯುವ ದಿನ ಅದು. ದೇವರಿಗಾದ ಮೇಲೆ ಕೆಂದನಿಗೂ ಆಗಲಿ ಅಂತ. ಗೇರು ಪೆಟ್ಟಿಗೆಯ ಗಟ್ಟಿ ಎಣ್ಣೆಯನ್ನು ಯುಗಾದಿಗೊಂದು ಸಲ, ದೀಪಾವಳಿಗೊಂದು ಸಲ ಬದಲಾಯಿಸುತ್ತಿದ್ದ. ಅದನ್ನು ಸುರಿಯುವುದಕ್ಕೆ ಎತ್ತಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟವೇ ಬೇಕು ಅವನಿಗೆ. ಸುರಿಯುವಾಗ 'ಕುಡಿ ಮಗ, ಕುಡಿ' ಅನ್ನುವುದು ಬೇರೆ.

"ನನ್ ತಲೆ ಎಣ್ಣೆ ಕಂಡು ಎಷ್ಟು ದಿನ ಆಯ್ತು ಅಂತ ಕೇಳೋರಿಲ್ಲ, ಆ ತಗಡಿನ ಮುಂಡೇದಕ್ಕೆ ಅಮಾಸೆ ಅಮಾಸೆಗೂ ನೀರು ಉಯ್ದಂಗೆ ಎಣ್ಣೆ ಉಯ್ತಾನೆ" ಅಂತ ಅವನ ಹೆಂಡತಿ ಸೋಮಮ್ಮ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಪುಟ್ಟಬಸಪ್ಪ ಹಲ್ಲು ಕಿರಿದು, "ನೀನೂ ಕೊಳ್ಳೇಗಾಲಕ್ಕೆ ಗೂಡು ಹೊತ್ಕಂಡು ಓಗು, ನಿಂಗೂ ಉಯ್ತೀನಿ" ಅನ್ನುತ್ತಿದ್ದ. ಅವತ್ತು ಊಟಕ್ಕೆ ಸಾರು ಇರುತ್ತಿರಲಿಲ್ಲ, ಅಷ್ಟೆ.

ಎಲ್ಲಕ್ಕೂ ಎಣ್ಣೆಯಾಯಿತು. ಒಂದಕ್ಕೆ ಮಾತ್ರ ಇಲ್ಲ. ವ್ಯಾನು ಬಂದ ಹೊಸದರಲ್ಲಿ ಅದರ ಜೊತೆ ಒಂದು ಸಣ್ಣ ಡಬ್ಬಿ ಬಂದಿತ್ತು. 'ಇದು ಬ್ರೇಕಿನ ಎಣ್ಣೆ, ಆಗಾಗ ನೋಡಿ ಹಾಕ್ತಿರು' ಅಂತ ತಂದುಕೊಟ್ಟವನು ಹೇಳಿ ಹೋಗಿದ್ದ. ಪುಟ್ಟಬಸಪ್ಪ ಮುಚ್ಚಳ ತೆಗೆದು ಮೂಸಿದರೆ ಹರಳೆಣ್ಣೆಯ ಥರದ ವಾಸನೆ. ಅವನಿಗೆ ನಗು ತಡೆಯಲಿಲ್ಲ. ಗಾಡಿಯ ಅಚ್ಚಿಗೆ ಎಣ್ಣೆ ಹಾಕುವುದು ಚಕ್ರ ಸಲೀಸಾಗಿ ಉರುಳಲಿ ಅಂತ. ಚಕ್ರಕ್ಕೆ ಒತ್ತಿ ಹಿಡಿಯುವ ಮರದ ಕಟ್ಟೆಗೆ ಯಾರಾದರೂ ಎಣ್ಣೆ ಸವರುತ್ತಾರೆಯೇ? ಸವರಿದರೆ ಇಳಿಜಾರಿನಲ್ಲಿ ಗಾಡಿ ಎತ್ತಿನ ಮೇಲೆ ಹೋಗುತ್ತದೆ! ಇದನ್ನು ಅವನು ಚನ್ನಾಜಮ್ಮನವರ ಹತ್ತಿರ ಹೋಗಿ ಹೇಳಿದ.

"ಅಮ್ಮಾವ್ರೆ, ಬ್ರೇಕಿಗೆ ಎಣ್ಣೆ ಹಾಕು ಅಂತಾನಲ್ಲ ಆವಯ್ಯ. ನಿಲ್ಸೋದಕ್ಕೆ ಎಣ್ಣೆ ಹಾಕಿದ್ರೆ ಜಾರಕಿಲ್ವಾ?"

ಚನ್ನಾಜಮ್ಮ ಹುಟ್ಟಿದಾಗಿನಿಂದ ಗಾಡಿ ನೋಡಿದವರು. ಅವರಿಗೂ ಹೌದಲ್ಲ ಅನ್ನಿಸಿತು. "ಹೂಂ ಕಣ್ಲಾ, ಪ್ಯಾಟೆಯೋರ್ಗೆ ಏನು ಗೊತ್ತು? ತತ್ತಾ ಇಲ್ಲಿ" ಅಂತ ಡಬ್ಬಿ ಇಸಗೊಂಡು ಹಿತ್ತಿಲ ಬಾವಿಯ ರಾಟೆಗೆ ಸುರಿದರು. ವರ್ಷಗಳಿಂದ ಕಿರ್ರೋ ಅನ್ನುತ್ತಿದ್ದ ರಾಟೆ ಗಪ್‌ಚಿಪ್ಪಾಯಿತು. ಇಬ್ಬರಿಗೂ ಸಮಾಧಾನವಾಯಿತು. ಬ್ರೇಕಿನ ಎಣ್ಣೆಯ ಕಥೆ ಅಲ್ಲಿಗೆ ಮುಗಿಯಿತು ಅಂತ ಇಬ್ಬರೂ ಮರೆತೇಬಿಟ್ಟರು.

ಈ ಸಂಸಾರದಲ್ಲಿ ಒಂದೇ ಒಂದು ಕಿರಿಕಿರಿ, ಶಿವರುದ್ರಸ್ವಾಮಿ. ಚನ್ನಾಜಮ್ಮನವರ ಅಣ್ಣನ ಮಗ. ಅತ್ತೆಯ ವ್ಯಾಪಾರಕ್ಕೆ ಕೈಜೋಡಿಸುತ್ತೇನೆ ಅಂತ ಯಳಂದೂರಿನಿಂದ ಬಂದವನು ಕೈಗಡಿಯಾರ ನೋಡಿಕೊಂಡು ಎಲ್ಲರಿಗೂ ಹೊತ್ತಾಯಿತು ಅನ್ನುವುದನ್ನೇ ಕೆಲಸ ಮಾಡಿಕೊಂಡಿದ್ದ. ಕೆಟ್ಟವನೇನಲ್ಲ, ಆದರೆ ಪುಟ್ಟಬಸಪ್ಪನನ್ನು ಕಂಡರೆ ಆಗದು. "ಯಂತ್ರಕ್ಕೆ ಎಂಥಾ ಸೋಮವಾರ ಅತ್ತೆ? ಇವ್ನು ಗಾಡಿ ಹೊಡ್ಯೋನೇ ಹೊರ್ತು ಡ್ರೈವರ್ ಅಲ್ಲ. ಕೊಳ್ಳೇಗಾಲದಲ್ಲಿ ನಂಗೆ ಗೊತ್ತಿರೋನು ಒಬ್ಬ ಅವ್ನೆ, ಲಾರಿ ಓಡ್ಸಿ ಪಳಗಿದೋನು, ಕರ್ಕಂಡ್ ಬರ್ಲಾ?" ಅಂತ ವಾರಕ್ಕೊಂದು ಸಲ ರಾಗ ತೆಗೆಯುತ್ತಿದ್ದ. ಕೇಳಿ ಕೇಳಿ ಸಾಕಾಗಿ ಚನ್ನಾಜಮ್ಮ ಒಂದು ದಿನ, "ಆಗ್ಲಿ, ಇವನ ತಪ್ಪಿಂದ ವ್ಯಾನು ಒಂದ್ಸಲ ನನ್ನ ದಾರೀಲಿ ಬುಟ್ರೆ ಅವತ್ತೇ ನಿನ್ ಮನುಷ್ಯನ್ನ ಕರ್ಕಂಡ್ ಬಾ" ಅಂದುಬಿಟ್ಟರು. ಪುಟ್ಟಬಸಪ್ಪ ಬಾಗಿಲಲ್ಲೇ ಇದ್ದ. ಎಲ್ಲ ಕೇಳಿಸಿತು. ಹೊಟ್ಟೆಪಾಡಿಗೆ ಕಾಮಗೆರೆಯಲ್ಲಿ ಕೂಲಿ ಸಿಗುತ್ತದೆ, ಅದಲ್ಲ. ಆ ಸೀಟು ಹೋದರೆ ತಾನು ಯಾರು? ಮತ್ತೆ ಗಾಡಿ ಬಸಪ್ಪ ಆಗೋಣ ಅಂದರೆ ಗಾಡಿಯೂ ಇಲ್ಲ! ಅಂದಿನಿಂದ ಅವನು ಕೆಂದನಿಗೆ ಇನ್ನೂ ಹೆಚ್ಚು ಎಣ್ಣೆ ನೀರು ಮಾಡತೊಡಗಿದ.

ಅರವತ್ತೊಂಬತ್ತರಲ್ಲಿ ಗೂಡಿನ ಬೆಳೆ ಒಳ್ಳೆಯದಾಗಿ ಬಂತು. ಚನ್ನಾಜಮ್ಮನವರಿಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಬರಬೇಕು ಅನ್ನಿಸಿತು. ಒಂದು ಶುಕ್ರವಾರ, ಬೀದಿಯ ಹೆಂಗಸರನ್ನು ಹಿಂದೆ ಹತ್ತಿಸಿಕೊಂಡು, ಶಿವರುದ್ರಸ್ವಾಮಿಯನ್ನೂ ಅವರ ನಡುವೆ ತುರುಕಿ, ತಾವು ಯಾವತ್ತಿನಂತೆ ಪುಟ್ಟಬಸಪ್ಪನ ಪಕ್ಕದ ಸೀಟಲ್ಲಿ ಕೂತು ಹೊರಟರು. ಕೆಂದ ಏದುಸಿರು ಬಿಡುತ್ತಾ ಬೆಟ್ಟ ಹತ್ತಿದ. ದರ್ಶನವಾಯಿತು, ಪ್ರಸಾದವಾಯಿತು, ಮಧ್ಯಾಹ್ನ ಇಳಿಯುವುದಕ್ಕೆ ಶುರುವಾಯಿತು.

ಇಳಿಜಾರು ಶುರುವಾಗುವ ಮೊದಲೇ ಪುಟ್ಟಬಸಪ್ಪ ಒಂದನೇ ಗೇರಿಗೆ ಹಾಕಿಬಿಟ್ಟ. ಅದು ಅವನ ಯಾವತ್ತಿನ ಕ್ರಮ. ಹೇರಿದ ಗಾಡಿ ಇಳಿಸುವಾಗ ಎತ್ತನ್ನು ಮೊದಲೇ ನಿಧಾನ ಮಾಡಬೇಕೇ ವಿನಾ ಓಡಲು ಬಿಟ್ಟು ಆಮೇಲೆ ಹಗ್ಗ ಜಗ್ಗುವುದಲ್ಲ. ವ್ಯಾನು ಗೊಂಯ್ ಅಂತ ನರಳುತ್ತಾ, ತೆವಳುತ್ತಾ ಹೊರಟಿತು.

"ಪುಟ್ಬಸಪ್ಪ, ಹಿಂದಿಂದ ಒಂದ್ ಆಮೆ ಆರ್ನ್ ಒಡೀತಾ ಅದೆ, ದಾರಿ ಬುಡು" ಅಂದ ಶಿವರುದ್ರಸ್ವಾಮಿ. ಹೆಂಗಸರೆಲ್ಲ ಕಿಸಕ್ಕಂದರು. ಪುಟ್ಟಬಸಪ್ಪನ ಮುಖ ಕೆಂಪಾಯಿತು, ಆದರೂ ಗೇರು ಬದಲಾಯಿಸಲಿಲ್ಲ.

ಒಂದು ಕಡಿದಾದ ತಿರುವು ಬಂತು. ಇನ್ನಷ್ಟು ನಿಧಾನ ಮಾಡೋಣ ಅಂತ ಬ್ರೇಕ್ ಒತ್ತಿದ. ಕಾಲು ಕೆಸರಿಗೆ ಇಳಿದ ಹಾಗೆ ಮೆತ್ತಗೆ ತಳಕ್ಕೆ ಹೋಯಿತು. ಮತ್ತೆ ಒತ್ತಿದ. ಮತ್ತೆ ತಳ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೋಡಿದರೆ ತಲೆ ತಿರುಗುವ ಕಣಿವೆ. ಬಾಯಿಗೆ ಬಂದದ್ದು ಒಂದೇ, "ಮಾದಪ್ಪಾ!" ಹೆಂಗಸರು ಭಕ್ತಿಯಿಂದ ಅಂದ ಅಂದುಕೊಂಡು ತಾವೂ "ಉಘೇ ಉಘೇ" ಅಂದರು.

ವ್ಯಾನು ನಿಲ್ಲುತ್ತಿಲ್ಲ. ಆದರೆ ಒಂದನೇ ಗೇರು ಬಿಗಿಯಾಗಿ ಹಿಡಿದಿದ್ದರಿಂದ ಓಡುತ್ತಲೂ ಇಲ್ಲ. ಪುಟ್ಟಬಸಪ್ಪ ತಿರುವು ದಾಟಿಸಿ, ಮುಂದೆ ಮಣ್ಣಿನ ದಿಣ್ಣೆ ಕಂಡದ್ದೇ ಕೈಬ್ರೇಕು ಎಳೆದು, ಕೆಂದನ ಮೂತಿಯನ್ನು ಮೆಲ್ಲಗೆ ಅದಕ್ಕೆ ಒರಗಿಸಿದ. ಕರ್ ಅಂತ ಒಂದು ಸದ್ದು. ಬಂಪರು ಸೊಟ್ಟಗಾಯಿತು. ವ್ಯಾನು ನಿಂತಿತು.

"ಸ್ವಾಮಿ, ಇಳ್ದು ಚಕ್ರಕ್ಕೆ ಕಲ್ಲು ಕೊಡಿ, ಬಿರ್‍ರನೆ!" ಅಂತ ಕೂಗಿದ. ಆ ಗಂಟಲು ಕೇಳಿ ಶಿವರುದ್ರಸ್ವಾಮಿ ಎದುರು ಮಾತಾಡದೆ ಇಳಿದು ಕಲ್ಲು ಕೊಟ್ಟ.

"ಯಾಕ್ಲಾ?" ಅಂದರು ಚನ್ನಾಜಮ್ಮ.

"ಬ್ರೇಕ್ ಓಯ್ತು ಅಮ್ಮಾವ್ರೆ. ಎಲ್ಲಾ ಇಳೀರಿ. ನಡ್ಕಂಡೇ ಬರ್ಬೇಕು."

ಆಮೇಲಿನ ಮೆರವಣಿಗೆ ನೋಡಬೇಕಿತ್ತು! ಮುಂದೆ ಪುಟ್ಟಬಸಪ್ಪನೊಬ್ಬನೇ ಕೂತ ವ್ಯಾನು ಒಂದನೇ ಗೇರಿನಲ್ಲಿ ಗೊಂಯ್ ಅನ್ನುತ್ತಾ, ಅದರ ಪಕ್ಕದಲ್ಲಿ ಕಲ್ಲು ಹೊತ್ತ ಶಿವರುದ್ರಸ್ವಾಮಿ, ಹಿಂದೆ ಪ್ರಸಾದದ ಗಂಟು ಹಿಡಿದ ಹೆಂಗಸರು. ಎದುರಿನಿಂದ ಮಾದಪ್ಪನ ದರ್ಶನಕ್ಕೆ ನಡೆದು ಬರುತ್ತಿದ್ದ ಪರಸೆಯವರು ಇದೇನೋ ಹೊಸ ಹರಕೆ ಅಂದುಕೊಂಡು ವ್ಯಾನಿಗೆ ಕೈಮುಗಿದರು. ಹೀಗೇ ಬೆಟ್ಟದ ಬುಡದ ತಾಳಬೆಟ್ಟ ಮುಟ್ಟಿದರು. ಹೆಂಗಸರೂ ಶಿವರುದ್ರಸ್ವಾಮಿಯೂ ಬಸ್ಸು ಹತ್ತಿದರು. ಚನ್ನಾಜಮ್ಮ ಮಾತ್ರ "ನನ್ ವ್ಯಾನು, ನಾನು ಬರ್ತೀನಿ" ಅಂತ ಮತ್ತೆ ಮುಂದಿನ ಸೀಟಿಗೇ ಹತ್ತಿದರು. ಹನೂರಿನವರೆಗೂ ಬರೀ ಕೈಬ್ರೇಕಿನಲ್ಲಿ ಬಂದು ಅಲ್ಲಿ ತಂಗಿ, ಮಾರನೇ ಬೆಳಿಗ್ಗೆ ಕೊಳ್ಳೇಗಾಲದ ರಿಪೇರಿ ಮೇಸ್ತ್ರಿ ಪುಟ್ಟಸಿದ್ದಯ್ಯನ ಶೆಡ್ಡಿಗೆ ಮುಟ್ಟಿಸಿದರು. ದಾರಿಯುದ್ದಕ್ಕೂ ಚನ್ನಾಜಮ್ಮ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು. ಬೈದಿದ್ದರೂ ಪುಟ್ಟಬಸಪ್ಪನಿಗೆ ಸಮಾಧಾನ ಆಗುತ್ತಿತ್ತು.

ಮೇಸ್ತ್ರಿ ಡ್ರೈವರನ ಕಾಲಡಿಯ ಹಲಗೆ ಎತ್ತಿ, ಒಂದು ಪುಟ್ಟ ಡಬ್ಬಿಯ ಮುಚ್ಚಳ ತಿರುಗಿಸಿ ಬೆರಳು ಅದ್ದಿದ. ಬೆರಳಿಗೆ ಕರ್ರಗಿನ ಕೆಸರು ಅಂಟಿತು.

"ಎಣ್ಣೆ ಯಾವಾಗ ಬದ್ಲಾಯ್ಸಿದ್ದೆ ಪುಟ್ಬಸಪ್ಪ?"

"ಮೊನ್ನೆ ಅಮಾಸೇಲಿ. ಗೇರಿಂದು ಯುಗಾದೀಲಿ. ನೀರು ಸ್ವಾಮಾರ ಸ್ವಾಮಾರ."

"ಅದಲ್ಲಪ್ಪಾ, ಬ್ರೇಕಿಂದು?"

ಪುಟ್ಟಬಸಪ್ಪ ಡಬ್ಬಿ ಬಂದದ್ದನ್ನೂ ತನ್ನ ಗಾಡಿಯ ಲೆಕ್ಕಾಚಾರವನ್ನೂ ಹೇಳಿದ. ಮೇಸ್ತ್ರಿ ನಗುತ್ತಾ ನಗುತ್ತಾ ಟೈರಿನ ಮೇಲೆ ಕುಸಿದು ಕೂತ. "ಅಯ್ಯೋ ನನ್ನಪ್ಪ! ಇದು ನುಣುಪಿಗೆ ಹಾಕೋ ಎಣ್ಣೆ ಅಲ್ಲ ಕಣಯ್ಯ. ಪಿಚಕಾರಿ ನೋಡಿಲ್ವಾ? ಈ ಕಡೆ ಒತ್ತಿದ್ರೆ ಆ ಕಡೆ ಚಿಮ್ತದೆ. ನಿನ್ನ ಕಾಲಿನ ಬಲಾನ ನಾಕೂ ಚಕ್ರಕ್ಕೆ ಹೊತ್ಕಂಡು ಓಗೋದೇ ಈ ಎಣ್ಣೆ. ಓಡ್ಸು, ಬುಡು, ಇದು ಗಾಳಿಯ ಪಸೆ ಕುಡ್ದು ಕುಡ್ದು ಕೆಡ್ತದೆ. ವರ್ಷಕ್ಕೊಂದ್ಸಲ ಪೂರಾ ಬಸ್ದು ಹೊಸದು ತುಂಬ್ಬೇಕು. ಆ ರೇಡಿಯೇಟರ್ ನೀರ ವಾರವಾರ ಬದ್ಲಾಯ್ಸಬ್ಯಾಡ, ತುಕ್ಕು ಹಿಡೀತದೆ. ಕಮ್ಮಿ ಆದ್ರೆ ತುಂಬು, ಸಾಕು. ಬ್ಯಾಡ ಅಂದಿದ್ದಕ್ಕೆ ವಾರವಾರ, ಬೇಕು ಅಂದಿದ್ದಕ್ಕೆ ಮೂರು ವರ್ಷದಿಂದ ಉಪ್ವಾಸ!"

ಶಿವರುದ್ರಸ್ವಾಮಿ ಬಸ್ಸಲ್ಲಿ ಬಂದು ಅಲ್ಲೇ ನಿಂತಿದ್ದ. ಜೊತೆಗೆ ಗಿರಿಜಾ ಮೀಸೆಯ ಒಬ್ಬ ಆಸಾಮಿ. "ಅತ್ತೆ, ನೀವೇ ಹೇಳಿದ್ರಿ. ದಾರೀಲಿ ಬುಟ್ಟಾಯ್ತಲ್ಲ. ಇವ್ರೇ ನಾ ಹೇಳ್ತಿದ್ದ ಡ್ರೈವರು" ಅಂದ.

ಪುಟ್ಟಬಸಪ್ಪ ಸೊಂಟದಿಂದ ವ್ಯಾನಿನ ಕೀಲಿ ಬಿಚ್ಚಿ ಚನ್ನಾಜಮ್ಮನವರ ಮುಂದೆ ಬೆಂಚಿನ ಮೇಲಿಟ್ಟ.

"ಆ ಎಣ್ಣೆ ಡಬ್ಬಿ ಕೊಟ್ಟಿದ್ರಂತಲ್ಲ, ಏನ್ ಮಾಡ್ದೆ ಅದ್ನ?" ಅಂತ ಕೆಣಕಿದ ಶಿವರುದ್ರಸ್ವಾಮಿ.

ಪುಟ್ಟಬಸಪ್ಪ ನೆಲ ನೋಡಿಕೊಂಡು, "ಚೆಲ್ಲೋಯ್ತು ಸಾ. ನನ್ ಕೈಯಿಂದ್ಲೇ" ಅಂದ.

"ಬೊಗಳ್ಬ್ಯಾಡ!" ಅಂದರು ಚನ್ನಾಜಮ್ಮ. ಶೆಡ್ಡಿನಲ್ಲಿ ಎಲ್ಲರೂ ಅವರ ಕಡೆ ತಿರುಗಿದರು. "ಅದ್ನ ಬಾವಿ ರಾಟೆಗೆ ಸುರ್ದೋಳು ನಾನು. ಬ್ರೇಕಿಗೆ ಬ್ಯಾಡ ಅಂತ ಹೂಂಗುಟ್ಟಿದೋಳೂ ನಾನೇ. ಅದಕ್ಕೆ ಇವ್ನ ಬಿಡಿಸೋದಾದ್ರೆ ಮೊದ್ಲು ನನ್ನ ವ್ಯಾಪಾರದಿಂದ ಬಿಡ್ಸು ಶಿವರುದ್ರ."

ಆಮೇಲೆ ಮೀಸೆಯವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನಪ್ಪಾ, ನೀನು ಆ ಬೆಟ್ಟ ಎಷ್ಟ್ನೇ ಗೇರಲ್ಲಿ ಇಳೀತೀಯ?" ಅಂತ ಕೇಳಿದರು.

"ಮೂರನೇದ್ರಲ್ಲೇ ಜುಂ ಅಂತ ಬುಡ್ತೀನಿ ತಾಯಿ, ಬ್ರೇಕ್ ಇರ್ತದಲ್ಲ" ಅಂದ ಅವನು, ಮೀಸೆ ಮೇಲೆ ಕೈಯಾಡಿಸಿ.

"ಇಲ್ದಿದ್ರೆ?"

ಅವನು ಮೀಸೆಯಿಂದ ಕೈ ಇಳಿಸಿದ. ಮೇಸ್ತ್ರಿ ಕೆಮ್ಮಿದ. ಶಿವರುದ್ರಸ್ವಾಮಿ ಯಾಕೋ ಕೈಗಡಿಯಾರ ನೋಡುವುದನ್ನೂ ಬಿಟ್ಟು, "ಬುಡಿ ಅತ್ತೆ, ಕಲ್ಲು ಕೊಟ್ಟಿದ್ದು ನಾನೇ ತಾನೇ, ಇವ್ನು ವ್ಯಾನ್ನ ಹೆಂಗೆ ಇಳ್ಸಿದ ಅಂತ ಕಂಡಿದ್ದೀನಿ" ಅಂದ. ಅಷ್ಟರಮಟ್ಟಿಗೆ ಹುಡುಗ ಒಳ್ಳೆಯವನೇ.

ಚನ್ನಾಜಮ್ಮ ಬೆಂಚಿನ ಮೇಲಿದ್ದ ಕೀಲಿ ಎತ್ತಿ ಪುಟ್ಟಬಸಪ್ಪನ ಅಂಗೈಗೆ ಹಾಕಿದರು. "ಮೇಸ್ತ್ರಿ ಹೆಂಗೆ ಹೇಳ್ತಾನೋ ಹಂಗೆ ಕಲ್ತ್ಕೋ, ನಾನೂ ಕೇಳಿಸ್ಕತೀನಿ. ಬಿರ್‍ರನೆ ಆಗ್ಲಿ, ಹನೂರಲ್ಲಿ ಗೂಡು ಕಾಯ್ತಾ ಅವೆ" ಅಂದರು. ಪುಟ್ಟಬಸಪ್ಪನಿಗೆ ದುಃಖ ಉಕ್ಕಿ ಬಂತು. ಎತ್ತು ಮಾರಿದ ದಿನವೂ ಅಳದವನು ಆ ಶೆಡ್ಡಿನಲ್ಲಿ, ಅಷ್ಟು ಜನರ ಎದುರಿಗೆ, ಮಗುವಿನ ಹಾಗೆ ಅತ್ತುಬಿಟ್ಟ.

"ಅಳೋಕೆ ಸ್ವಾಮಾರ ಅದೆ ಕಣ್ಲಾ, ಇವತ್ತು ಕೆಲ್ಸ ನೋಡು" ಅಂದರು ಚನ್ನಾಜಮ್ಮ, ಸೆರಗಿನಿಂದ ತಮ್ಮ ಮುಖವನ್ನೂ ಒರೆಸಿಕೊಳ್ಳುತ್ತಾ.