ಮಾವನಿಗೆ ಇಟಲಿಯ ದಿಕ್ಕು ತೋರಿಸಿದ್ದು

ಯುದ್ಧ ಮುಗಿದು ನಾನು ಹುಣಸೂರಿಗೆ ವಾಪಸು ಬಂದ ಮೇಲೆ ಜನ ನನ್ನನ್ನು ಇಟಲಿ ಕಂಡವನು ಎಂದು ತೋರಿಸತೊಡಗಿದರು. ಅದು ಪೂರ್ತಿ ಸುಳ್ಳಲ್ಲ. ನೇಪಲ್ಸ್ ಹತ್ತಿರದ ಮಿಲಿಟರಿ ಆಸ್ಪತ್ರೆಯ ಉಗ್ರಾಣದಲ್ಲಿ ಒಂದು ವರ್ಷ ಗುಮಾಸ್ತನಾಗಿದ್ದೆ. ಕಂಡಿದ್ದು ಹೆಚ್ಚಾಗಿ ಬೇಳೆ ಮೂಟೆ ಮತ್ತು ಕಂಬಳಿಗಳನ್ನು.

ಒಂದು ಭಾನುವಾರ ನಮ್ಮಲ್ಲಿ ಹನ್ನೆರಡು ಜನರನ್ನು ಲಾರಿಗೆ ಹತ್ತಿಸಿ ಅಮಾಲ್ಫಿ ಕಡೆಯ ಕಡಲ ದಾರಿ ತೋರಿಸಲು ಕರೆದೊಯ್ದರು. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸು. ಬೆಟ್ಟದ ಪಕ್ಕೆ ಕೊರೆದು ಮಾಡಿದ ರಸ್ತೆ. ಮೂರನೆಯ ತಿರುವಿಗೇ ನನ್ನ ಹೊಟ್ಟೆ ತೊಳಸಿತು. ಉಳಿದವರೆಲ್ಲ ಅಗೋ ನೋಡು, ಇಗೋ ನೋಡು ಎಂದು ಕೂಗುತ್ತಿದ್ದರೆ ನಾನು ಲಾರಿಯ ತಳದಲ್ಲಿ ತಗಡಿನ ಬಕೆಟ್ಟನ್ನು ತಬ್ಬಿಕೊಂಡು ಮಲಗಿದ್ದೆ. ಹಡಗಿನಲ್ಲಿ ಹೋಗುವಾಗಲೂ ಬರುವಾಗಲೂ ಇದೇ ಅವಸ್ಥೆಯಾಗಿತ್ತು. ಅಮಾಲ್ಫಿಯಲ್ಲಿ ಇಳಿಸಿದಾಗ ಚರ್ಚಿನ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತೆ. ಹೊರಡುವಾಗ ಒಬ್ಬ ಮುದುಕಿಯಿಂದ ಆರು ಚಿತ್ರದ ಕಾರ್ಡು ಕೊಂಡುಕೊಂಡೆ. ಆಮೇಲೆ ನಾನು ಊರೂರಲ್ಲಿ ವರ್ಣಿಸಿದ ಇಟಲಿಯ ಕಡಲೆಲ್ಲ ಆ ಆರು ಕಾರ್ಡಿನದು.

ಆ ವರ್ಣನೆಯೇ ನನ್ನ ಮದುವೆಯನ್ನೂ ಮಾಡಿಸಿತು. ಬೆಟ್ಟದಪುರದ ಮಾವ ತಂಬಾಕು ಬೆಳೆಯುತ್ತಿದ್ದರು. ಅರವತ್ತು ದಾಟಿದ್ದರೂ ಮೈಸೂರಿನಾಚೆ ಹೋದವರಲ್ಲ. ನಾನು ಹೋದಾಗಲೆಲ್ಲ ಜಗುಲಿಯ ಮೇಲೆ ಕೂರಿಸಿ ಇಟಲಿಯ ಕತೆ ಹೇಳಿಸುತ್ತಿದ್ದರು. ಐವತ್ತರ ದಶಕದ ಮೊದಲ ವರ್ಷಗಳಲ್ಲಿ, ತಂಬಾಕಿನ ಕೆಲಸ ಮುಗಿದಿದ್ದ ಒಂದು ದಿನ, ಕತೆಯ ಮಧ್ಯೆ ತಡೆದು ಹೇಳಿದರು:

"ಅಳಿಯಂದ್ರೇ, ಸಾಯೋದ್ರೊಳಗೆ ನಾನೂ ಒಂದ್ಸಲ ಸಮುದ್ರ ನೋಡ್ಬೇಕು ಕಣ್ರೀ. ನೀವೇ ಕರ್ಕೊಂಡೋಗಿ. ನಿಮಗಾದ್ರೆ ಎಲ್ಲಾ ಗೊತ್ತು."

"ಅದಕ್ಕೇನು ಮಾವ, ತಲಚೇರಿಗೆ ಬಸ್ಸಿದೆ. ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡೋಣ" ಎಂದೆ. ತಲಚೇರಿ ಎಷ್ಟು ದೂರವೆಂದು ನನಗೆ ಗೊತ್ತಿರಲಿಲ್ಲ.

ಮಾವ, ನನ್ನ ಹೆಂಡತಿ, ನಾನು, ಮೂವರೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಪಿರಿಯಾಪಟ್ಟಣದಲ್ಲಿ ಬಸ್ಸು ಹತ್ತಿದೆವು. ವಿರಾಜಪೇಟೆಯವರೆಗೆ ನಾನು ಮಾರ್ಗದರ್ಶಿಯಾಗಿದ್ದೆ. ಅಲ್ಲಿಂದ ಮಾಕುಟ್ಟದ ಘಾಟಿ ಇಳಿಯತೊಡಗಿದ ಮೇಲೆ ಬರೀ ಮೂಟೆಯಾದೆ. ಕಂಡಕ್ಟರು ಎರಡು ಸಲ ಬಸ್ಸು ನಿಲ್ಲಿಸಿದ. ಹೆಂಡತಿ ನನ್ನ ಹಣೆ ಹಿಡಿದುಕೊಂಡಳು. ಮಾವ ಕಿಟಕಿಯಲ್ಲಿ ಅರ್ಧ ಮೈ ಹೊರಗೆ ಹಾಕಿ, "ಅಬ್ಬಬ್ಬಾ, ಏನ್ ಕಾಡು! ಏನ್ ಇಳಿಜಾರು!" ಎನ್ನುತ್ತ ನಡುನಡುವೆ ನನ್ನತ್ತ ತಿರುಗಿ, "ಇಟಲೀಲೂ ಇಂಗೇನಾ?" ಎಂದು ಕೇಳುತ್ತಿದ್ದರು. ನಾನು ತಲೆಯಾಡಿಸಿದೆ. ಆ ಮಟ್ಟಿಗೆ ನಿಜವನ್ನೇ ಹೇಳಿದೆ.

ಕಡಲ ದಂಡೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಆವತ್ತೇ ವಾಪಸಾಗುವ ಮಾತು ಯಾರೂ ಎತ್ತಲಿಲ್ಲ. ಮಾವ ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡರು, ನಾಲಿಗೆಗೂ ಮುಟ್ಟಿಸಿದರು. ಆಮೇಲೆ ಕೇಳಿದರು:

"ಅಳಿಯಂದ್ರೇ, ಇಟಲಿ ಯಾವ್ ಕಡೀಕೆ ಬತ್ತದೆ?"

ಎದುರಿಗಿದ್ದದ್ದು ಬರೀ ನೀರು. ಎಡಗಡೆ ದೂರದಲ್ಲಿ ದಂಡೆ ಬಾಗಿ, ಹೊಗೆಯ ಹಾಗೆ ಒಂದು ಗೆರೆ ಕಾಣುತ್ತಿತ್ತು. ಕಾಣುವುದನ್ನೇ ತೋರಿಸುವುದು ಮೇಲೆಂದು ಅತ್ತ ಕೈ ಚಾಚಿದೆ.

"ಅಗೋ, ಆ ಕಡೆ."

ಪಕ್ಕದಲ್ಲಿ ಬಲೆ ಒಣಹಾಕುತ್ತಿದ್ದವನೊಬ್ಬ ತಿರುಗಿ ನೋಡಿದ. ಕೊಡಗಿನ ಕಾಫಿ ತೋಟದಲ್ಲಿ ಕೂಲಿ ಮಾಡಿ ಕನ್ನಡ ಕಲಿತವನಂತೆ. "ಅದು ಇಟಲಿ ಅಲ್ಲ ಸ್ವಾಮಿ, ಅದು ಮಾಹೆ. ಐದು ಮೈಲಿ. ಬಸ್ಸು ಉಂಟು" ಎಂದ.

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ನಿಂತಲ್ಲೇ ಮರಳಿಗೆ ಇಳಿದುಹೋದರೆ ಸಾಕೆನ್ನಿಸಿತು. ಆದರೆ ಅವನು ಮಾತು ಮುಂದುವರಿಸಿದ. "ಅಲ್ಲಿ ನಮ್ಮ ಸರ್ಕಾರ ಇಲ್ಲ. ಫ್ರೆಂಚರದು."

ಮಾವ ಮಗಳ ಕಡೆ ತಿರುಗಿದರು. "ಕೇಳುದ್ಯೇನವ್ವಾ? ನಿನ್ ಗಂಡ ತೋರ್ಸಿದ್ದು ಪರದೇಸನೇ ಕಣ!"

ರಾತ್ರಿ ಛತ್ರದಲ್ಲಿ ಮಲಗಿ, ಬೆಳಗಾಗುತ್ತಲೇ ಮಾವ ನಮ್ಮನ್ನು ಮಾಹೆಗೆ ಹೊರಡಿಸಿದರು. ಸೇತುವೆ ದಾಟಿದರೆ ಫ್ರೆಂಚರ ನೆಲ. ಅಲ್ಲೊಬ್ಬ ಕೆಂಪು ಟೋಪಿಯ ಪೊಲೀಸ ನಿಂತಿದ್ದ. ಮಾವ ಅವನಿಗೆ ಕೈ ಮುಗಿದರು. ಅವನೂ ಮುಗಿದ. ಒಂದು ಅಂಗಡಿಯಲ್ಲಿ ಚಹಾ ಕುಡಿದು, ಹೊಳೆ ಕಡಲಿಗೆ ಸೇರುವ ಕಡೆ ಕಲ್ಲಿನ ಮೇಲೆ ಕೂತೆವು. ಅವರ ಮುಖದ ಸಂತೋಷ ನೋಡಿ ನಾನು ಬಾಯಿಬಿಟ್ಟೆ.

"ಮಾವ, ಒಂದು ಮಾತು. ಇಟಲಿಯ ಕಡಲನ್ನು ನಾನು ಸರಿಯಾಗಿ ನೋಡೇ ಇಲ್ಲ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಮಲಗಿದ್ದೆ."

ಮಾವ ಕಡಲಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಬುಡಿ. ಒಂದ್ಸಲ ಯೋಳ್ದಾಗ ಸಮುದ್ರ ಎಡಕ್ಕಿತ್ತು, ಒಂದ್ಸಲ ಬಲಕ್ಕಿತ್ತು. ಓದ್ ಯುಗಾದೀಲಿ ಎರಡೂ ಕಡೀಕಿತ್ತು."

"ಮತ್ತೆ ನನ್ನನ್ನು ನಂಬಿಕೊಂಡು ಯಾಕೆ ಬಂದಿರಿ?"

"ಒಬ್ನೇ ಬರಾಕೆ ಎದ್ರಿಕೆ ಆಯ್ತಿತ್ತು. ಜೊತೆಗೆ ಒಬ್ರು ಬೇಕಿತ್ತು. ನೀವು ಬತ್ತೀನಿ ಅಂದ್ರಿ."

ಅವರು ನಕ್ಕರು. ಹೆಂಡತಿ ನಿನ್ನೆಯಿಂದ ತಡೆದುಕೊಂಡಿದ್ದ ನಗೆಯನ್ನೆಲ್ಲ ಅಲ್ಲೇ ಮುಗಿಸಿದಳು. ನಾನೂ ಸೇರಿಕೊಂಡೆ. ಬೇರೆ ದಾರಿ ಇರಲಿಲ್ಲ.

ಘಾಟಿ ಹತ್ತುವಾಗ ಮತ್ತೆ ಎರಡು ಸಲ ಬಸ್ಸು ನಿಂತಿತು.

ಬೆಟ್ಟದಪುರದಲ್ಲಿ ಆಮೇಲೆ ನನ್ನ ಕತೆಗೆ ಗಿರಾಕಿಗಳಿಲ್ಲವಾದರು. ಸಂಜೆಯಾದರೆ ಎಲ್ಲರೂ ಮಾವನ ಸುತ್ತ ಸೇರುತ್ತಿದ್ದರು. ತಾವು ಫ್ರಾನ್ಸಿಗೆ ಹೋಗಿಬಂದದ್ದನ್ನು, ಅಲ್ಲಿಯ ಪೊಲೀಸ ಎದ್ದು ನಿಂತು ಕೈ ಮುಗಿದದ್ದನ್ನು ಅವರು ನಿಧಾನವಾಗಿ ಹೇಳುತ್ತಿದ್ದರು. ಯಾರಾದರೂ ಅನುಮಾನದಿಂದ ನೋಡಿದರೆ ನನ್ನತ್ತ ತಿರುಗಿ, "ಅಲ್ವರಾ ಅಳಿಯಂದ್ರೇ?" ಎನ್ನುತ್ತಿದ್ದರು. ನಾನು ಕಂಬಕ್ಕೊರಗಿ ಹೌದು ಎನ್ನುತ್ತಿದ್ದೆ. ಒಮ್ಮೆ ಪಕ್ಕದ ಹೊಲದವರು, "ಪ್ರಾನ್ಸ್‌ನಾಗೆ ಏನ್ ಬೆಳೀತಾರೆ ಗೌಡ್ರೇ?" ಎಂದು ಕೇಳಿದರು.

"ತೆಂಗು" ಎಂದರು ಮಾವ, ಒಂದಿಷ್ಟೂ ತಡವರಿಸದೆ.