ಫಕೀರಪ್ಪ ಎಂದಿದ್ದ ಸಾಲುಗಳು

ನಾನು ಟೈಪ್ ಮಾಡಿದ್ದು ಒಂದೇ ಸಾಲು. ಬದುಕಿದ್ದ ಏಳು ರೋಗಿಗಳ ಔಷಧಿ ನಿಂತುಹೋಯಿತು.

ಎಂಬತ್ತರ ದಶಕದ ಕೊನೆ. ಸವಣೂರಿನಲ್ಲಿ ಕ್ಷಯರೋಗಿಗಳಿಗೆ ಮಾತ್ರೆ ಹಂಚುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಕಂಪ್ಯೂಟರ್ ಆಪರೇಟರ್. (ಆಗ ಕಂಪ್ಯೂಟರ್ ನೋಡಿದವರೇ ಕಡಿಮೆ. ನನ್ನ ಗತ್ತು ಕೇಳಬೇಡಿ!) ಮಾತ್ರೆ ಕೊಡಬೇಕಾದವರ ಪಟ್ಟಿಯಲ್ಲಿ ಒಬ್ಬ ರೋಗಿಗೆ ಒಂದು ಸಾಲು: ಹೆಸರು, ತಂದೆ ಇಲ್ಲವೇ ಗಂಡನ ಹೆಸರು, ಊರು.

ಒಂದು ದಿನ ಡಾಕ್ಟರು, "ತಡಸದ ಫಕೀರಪ್ಪ ತೀರಿಕೊಂಡಾನ. ಅವನ ಹೆಸರು ತಗದಬಿಡಪಾ" ಎಂದರು.

ಒಂದೊಂದೇ ಸಾಲು ನೋಡುವ ತಾಳ್ಮೆ ಯಾರಿಗಿತ್ತು? ಇಡೀ ಪಟ್ಟಿಗೆ ಒಂದೇ ಏಟಿಗೆ ಅನ್ವಯವಾಗುವ ಗ್ಲೋಬಲ್ ಕಮಾಂಡ್ ಕೊಟ್ಟೆ: ಫಕೀರಪ್ಪ ಎಂದಿರುವ ಸಾಲುಗಳನ್ನೆಲ್ಲ ಅಳಿಸು. (ಮುಂದೆ ಪರ್ಲ್ ಎಂಬ ಕಂಪ್ಯೂಟರ್ ಭಾಷೆ ಕಲಿತಾಗ ಅಲ್ಲೂ ಇದೇ ಸ್ವಭಾವ ಕಂಡೆ. ಹುಡುಕುವ ಆಜ್ಞೆಯ ಕೊನೆಗೊಂದು g ಸೇರಿಸಿದರೆ ಹುಡುಕಾಟ ಮೊದಲು ಸಿಕ್ಕಿದ್ದಕ್ಕೇ ನಿಲ್ಲುವುದಿಲ್ಲ. ಅದು ಮುಗಿದಲ್ಲಿಂದ ಮುಂದಿನದನ್ನು ಹುಡುಕುತ್ತ ತುದಿಯವರೆಗೂ ಹೋಗುತ್ತದೆ. ಪದ ಎಲ್ಲಿ ಮುಗಿಯಬೇಕೆಂದು ನಾವು ಹೇಳದಿದ್ದರೆ ಫಕೀರಪ್ಪಗೌಡನೂ ಅದಕ್ಕೆ ಫಕೀರಪ್ಪನೇ.)

ಪರದೆ ಏನೂ ಹೇಳಲಿಲ್ಲ. ನಾನೂ ಪಟ್ಟಿ ನೋಡಲಿಲ್ಲ. ಚಹಾಕ್ಕೆ ಎದ್ದು ಹೋದೆ.

ಎರಡು ತಿಂಗಳ ಮೇಲೆ ಹತ್ತಿಮತ್ತೂರಿನಿಂದ ನೀಲವ್ವ ಎಂಬಾಕೆ ಬಂದಳು.

"ನಮ್ಮವ್ವ ಬಸವ್ವಗ ಗುಳಿಗಿ ಯಾಕ ನಿಲ್ಲಿಸೀರಿ? ಕೇಳಿದ್ರ ಪಟ್ಟಿಯೊಳಗ ಹೆಸರಿಲ್ಲ ಅಂತಾರ. ನಿನ್ನೆ ಕೆಮ್ಮಿದಾಗ ರಕ್ತ ಬಂತ್ರಿ."

"ನಿಮ್ಮಪ್ಪನ ಹೆಸರೇನ್ರಿ?"

"ಫಕೀರಪ್ಪ. ತೀರಿಕೊಂಡು ಭಾಳ ವರ್ಷ ಆತ್ರಿ."

ಹಳೆಯ ಪ್ರಿಂಟ್ ತೆಗೆದು ನೋಡಿದೆ. ಸತ್ತವನು ಒಬ್ಬ. ಅವನ ಜೊತೆ ಪಟ್ಟಿಯಿಂದ ಹೋದವರು ಏಳು ಮಂದಿ. ಒಬ್ಬಳ ಗಂಡ ಫಕೀರಪ್ಪ, ಇನ್ನೊಬ್ಬನ ಅಪ್ಪ ಫಕೀರಪ್ಪ. ಅಷ್ಟೇ ಅವರ ತಪ್ಪು.

ಅವತ್ತೇ ಎಲ್ಲರ ಹೆಸರೂ ಸೇರಿಸಿ, ಮಾತ್ರೆ ಹಿಡಿದು ನೀಲವ್ವನ ಜೊತೆ ಬಸ್ ಹತ್ತಿದೆ. ಬಸವ್ವ ಗೋಡೆಗೆ ಒರಗಿ ಕೂತಿದ್ದಳು. ಮಾತಾಡಲೂ ಉಸಿರು ಸಾಲದು. ಆದರೂ, "ಬಿಸಲಾಗ ಬಂದೀರಿ, ಮೊದಲ ನೀರು ಕುಡೀರಿ" ಎಂದಳು.

ನೀಲವ್ವ ಬಾಗಿಲಲ್ಲೇ ಕೇಳಿದಳು: "ಇದು ಯಾರ ತಪ್ಪರಿ?"

"ಕಂಪ್ಯೂಟರಿಂದ್ರಿ, ಅಕ್ಕಾ" ಎಂದೆ.

ಆರು ಮಂದಿ ಚೇತರಿಸಿಕೊಂಡರು. ಬಸವ್ವನಿಗೆ ಮಾತ್ರೆ ನಾಟಲಿಲ್ಲ. "ನಡುವ ತಪ್ಪಿದ್ದ ಘಾತ ಆತು" ಎಂದರು ಡಾಕ್ಟರು. ಮೂರು ತಿಂಗಳಲ್ಲಿ ಹೋಗಿಬಿಟ್ಟಳು.

ಕಂಪ್ಯೂಟರ್ ನಾನು ಹೇಳಿದ್ದನ್ನಷ್ಟೇ ಮಾಡಿತ್ತು. ನೀಲವ್ವ ಮಾತ್ರ ಈಗಲೂ ಸಿಕ್ಕಾಗೆಲ್ಲ ಅದಕ್ಕೇ ಶಾಪ ಹಾಕುತ್ತಾಳೆ.

ನಾನಿನ್ನೂ ಆಕೆಯನ್ನು ತಿದ್ದಿಲ್ಲ.